ಈರಬಸಪ್ಪನವರ ಮನೆಯ ಹೆಪ್ಪು

ಜೂನ್ 11, ಮಂಗಳವಾರ

ಧಾರವಾಡದ ಲ್ಯಾಬ್. ಅದೇ ಮೊಸರು, ಯಂತ್ರದಲ್ಲಿ ಇಪ್ಪತ್ಮೂರನೇ ರನ್. ಗ್ರಾಫಿನಲ್ಲಿ ಮತ್ತೆ ಒಂದೇ ಪೀಕ್, ಒಂದೇ ಶಿಖರ; ಅದರ ಬಾಲ ಮಾತ್ರ ದಪ್ಪ. ನಮ್ಮೂರು ಸಂಶಿಯ ಈರಬಸಪ್ಪನವರ ಮನೆಯ ಮೊಸರಿದು. ನಾಲ್ಕು ತಲೆಮಾರಿನಿಂದ ಒಂದೇ ಹೆಪ್ಪು ಎಂದು ಹೆಮ್ಮೆಯಿಂದ ಬರೆದುಕೊಟ್ಟಿದ್ದಾರೆ. ನನ್ನ ಥೀಸಿಸ್ ನಿಂತಿರುವುದೇ ಆ ಮಾತಿನ ಮೇಲೆ — ಒಂದು ಹೆಪ್ಪು, ಅದರದೇ ಆದ ಒಂದು ಪೆಪ್ಟೈಡ್, ಅಂದರೆ ಪ್ರೋಟೀನಿನ ತುಣುಕು. ಸಾಕು, ಬರೆದು ಮುಗಿಸು ಅನ್ನುತ್ತಾರೆ ಗೈಡ್. ಆ ಬಾಲ ನನ್ನನ್ನು ಬಿಡುತ್ತಿಲ್ಲ, ಅದರೊಳಗೆ ಇನ್ನೊಂದು ಅಡಗಿದೆಯೇ?

ಜೂನ್ 13, ಮಧ್ಯಾಹ್ನ 3

ಪೆಪ್ಟೈಡ್‌ಗಳನ್ನು ಬೇರ್ಪಡಿಸುವ ಹೊಸ ಕೊಳವೆ, ಮಿಕ್ಸೆಡ್-ಮೋಡ್ ಕಾಲಂ, ಬಂತು. ಹಳೆಯದು ಪೆಪ್ಟೈಡ್‌ನ ಜಿಡ್ಡಿನ ಗುಣವೊಂದನ್ನೇ ನೋಡಿ ಬೇರ್ಪಡಿಸುತ್ತಿತ್ತು. ಇದು ಚಾರ್ಜನ್ನೂ ನೋಡುತ್ತದೆ. ಜಿಡ್ಡಿನಲ್ಲಿ ಸಮ, ಚಾರ್ಜಿನಲ್ಲಿ ಬೇರೆ — ಅಂಥವು ಇದರ ಕಣ್ಣು ತಪ್ಪಿಸಲಾರವು. ಪಿಎಚ್ ಸ್ವಲ್ಪ ಇಳಿಸಿದೆ... ಎರಡು ಪೀಕ್! ಕುಣಿಯುವಂತಾಯಿತು.

4.40

ಹೋಲಿಕೆಗೆ ನಮ್ಮ ಮನೆಯ ಮೊಸರನ್ನೂ ಹಾಕಿದೆ. ಅವರ ಎರಡನೇ ಪೀಕ್ ಬಂದ ನಿಮಿಷಕ್ಕೇ ನಮ್ಮದೂ ಬಂತು. ಮಾಸ್, ಅಂದರೆ ತೂಕ, ಕೂಡ ಅದೇ. ಊರಿನ ಬೇರೆ ಆರು ಮನೆಗಳಲ್ಲಿ ಇದಿಲ್ಲ. ಈರಬಸಪ್ಪನವರದು ನಮ್ಮ ಕೇರಿಯ ನೀರೂ ಕುಡಿಯದ ಮನೆ. ನಮ್ಮ ಪೆಪ್ಟೈಡ್ ಅಲ್ಲಿಗೆ ಹೇಗೆ ಹೋಯಿತು? ಸ್ಯಾಂಪಲ್ ಹಾಕುವ ಸೂಜಿ ಸರಿ ತೊಳೆಯಲಿಲ್ಲವೇ ನಾನು?

ಜೂನ್ 14

ಹೊಸ ಸೀಸೆ. ನಡುವೆ ಖಾಲಿ ರನ್. ಮೂರು ಸಲವೂ ಅದೇ ಎರಡು ಪೀಕ್. ತಪ್ಪು ನನ್ನದಲ್ಲ.

ಜೂನ್ 16, ಭಾನುವಾರ, ಸಂಶಿ

ಹೊಲದ ಬದುವಿನ ಮೇಲೆ ಈರಬಸಪ್ಪನವರ ಹೆಂಡತಿ ಸುಶೀಲವ್ವ ಸಿಕ್ಕರು. ಗ್ರಾಫ್ ತೋರಿಸಿ, ನಿಮ್ಮ ಮೊಸರಿನಲ್ಲಿ ನಮ್ಮ ಮನೆಯದೂ ಇದೆ ಎಂದೆ. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡರು.

"ಹೋದ ವರ್ಷ ನಮ್ಮ ಹೆಪ್ಪ ಕೆಟ್ಟಿತ್ತವ್ವಾ. ನಿಮ್ಮವ್ವ ಕಳೆ ತೆಗಿಯಾಕ ಬಂದಾಗ ಆಕಿ ಕಡಿಂದ ಒಂದೀಟು ಇಸಕೊಂಡೆ. ಹಳೇದಕ್ಕ ಕೂಡಿಸಿದೆ. ಯಜಮಾನರಿಗೆ ಗೊತ್ತಿಲ್ಲ. ಬರಿಬ್ಯಾಡ."

ಮನೆಗೆ ಬಂದು ಅವ್ವನನ್ನು ಕೇಳಿದೆ. ನಕ್ಕಳು. "ಕೇಳಿದ್ರು, ಕೊಟ್ಟೆ. ಅದ್ರಾಗ ಹೇಳೂದೇನೈತಿ?"

ನನಗೆ ನಗು ಬರಲಿಲ್ಲ. ಹೆಪ್ಪು ಬೇಕು, ಹೆಸರು ಬೇಡ! ಆದರೂ... ನಾನು ಬರೆದರೆ ಆ ಮನೆಯಲ್ಲಿ ರಂಪ ಆಗುವುದು ಸುಶೀಲವ್ವನಿಗೇ.

ಜೂನ್ 19

ಸ್ಯಾಂಪಲ್ ಫಾರ್ಮ್ ಕೊಡಲು ಇವತ್ತೇ ಕೊನೆ. ಹೆಪ್ಪಿನ ಮೂಲ ಎಂಬಲ್ಲಿ ಎರಡೂ ಮನೆ ಬರೆದೆ. ಅವ್ವನ ಹೆಸರನ್ನೂ ಸೇರಿಸಿದೆ: ದುಂಡವ್ವ. ಕದ್ದು ಮಾಡುವುದು ಬೇಡವೆಂದು ಸುಶೀಲವ್ವನಿಗೆ ಫೋನ್ ಮಾಡಿ ಹೇಳಿದೆ. ಕೇಳಿ ಫೋನ್ ಇಟ್ಟರು.

ಜೂನ್ 23, ಭಾನುವಾರ, ಸಂಶಿ, ಬೆಳಿಗ್ಗೆ 9

ನಾಲ್ಕು ದಿನದಿಂದ ಅವ್ವನನ್ನು ಅವರ ಹೊಲದ ಕೆಲಸಕ್ಕೆ ಕರೆದಿಲ್ಲ.  ಅದೇ ನನ್ನನ್ನು ಚುಚ್ಚುತ್ತಿದೆ.

ಹೊರಗೆ ಯಾರೋ ಬಂದರು... ಸುಶೀಲವ್ವ. ನಮ್ಮ ಕಟ್ಟೆಯ ಮೇಲೆ ಕುಳಿತಿದ್ದಾರೆ. ಕೇರಿಯೆಲ್ಲ ಬಾಗಿಲಿಗೆ ಬಂದು ನಿಂತಿದೆ. ಕಿಟಕಿಯಿಂದ ಕಾಣುತ್ತಿದೆ, ಕೇಳುತ್ತಲೂ ಇದೆ.

"ದುಂಡವ್ವಾ, ಮಜ್ಜಿಗಿ ಇದ್ರ ಕೊಡು. ಕುಡಿಯಾಕ."

ಅವ್ವ ಒಳಗೆ ಬಂದು ಹೋದಳು. ಲೋಟ ಅವರ ಕೈಯಲ್ಲಿದೆ. ಎತ್ತಿದರು, ಕೇರಿಯೆಲ್ಲ ನೋಡುತ್ತಿದ್ದಂತೆಯೇ ಕುಡಿದರು.