ನಳಿಗೆಯಲ್ಲಿ ಒಂದು, ಮೈಯಲ್ಲಿ ಇನ್ನೊಂದು

ಬ್ಯಾಡಗಿ
೧೯-೪-೨೦೦೬

ಪ್ರೀತಿಯ ಇವರಿಗೆ,

ಹೊಳಿಯವ್ವನ ನಮಸ್ಕಾರಗಳು. ಸೊಂಟದ ನೋವು ಹೇಗಿದೆ? ರತ್ನಾಗಿರಿಯ ಆ ಬಿಸಿಲಲ್ಲಿ ದಿನವಿಡೀ ಹಳಿ ನೋಡುತ್ತಾ ನಡೆಯುವವರಿಗೆ ರೈಲ್ವೆಯವರು ಒಂದಿಷ್ಟು ನೆರಳು ಕೊಟ್ಟರೆ ಅವರ ಗಂಟೇನು ಹೋಗುತ್ತದೆ? ಎಣ್ಣೆ ಹಚ್ಚಿಕೊಂಡು ಮಲಗಿರಿ, ನಾನಿಲ್ಲವೆಂದು ಹಾಗೇ ಬಿದ್ದುಕೊಳ್ಳಬೇಡಿ. ನಾನು ಚೆನ್ನಾಗಿದ್ದೇನೆ. ಒಲೆ ಮುಂದೆ ಕೂತರೆ ಹೊಟ್ಟೆ ಅಡ್ಡ ಬಂದು ಹಂಚು ಕೈಗೆ ಸಿಗುವುದಿಲ್ಲ. ಹಿಂದಿನ ಎರಡು ಸಲವೂ ಬಸಿರು ಇಷ್ಟು ದೂರ ಬಂದಿರಲಿಲ್ಲ. ಇದನ್ನು ಬರೆಯುವಾಗಲೂ ನನಗೆ ಹೆದರಿಕೆಯೇ.

ನಿಮ್ಮ ಪತ್ರ ಮುಟ್ಟಿತು. ರಕ್ತ ತಡವಾಗಿ ಹೆಪ್ಪುಗಟ್ಟುತ್ತದೆ ಎಂದು ರಿಪೋರ್ಟಿನಲ್ಲೇ ಇರುವಾಗ ಅದನ್ನು ಇನ್ನಷ್ಟು ತೆಳ್ಳಗೆ ಮಾಡುವ ಸೂಜಿ ಯಾಕೆ, ನಿಲ್ಲಿಸು ಎಂದು ಬರೆದಿದ್ದೀರಿ. ಓದಿ ಸಿಟ್ಟು ಬಂತು. ಆಮೇಲೆ, ಪ್ರಶ್ನೆಯೇನೋ ಸರಿಯಾಗಿಯೇ ಇದೆಯಲ್ಲ ಅನ್ನಿಸಿತು. ನನಗೂ ಅದೇ ತಲೆ ತಿಂದಿತ್ತು. ನನ್ನ ಸ್ವಭಾವ ನಿಮಗೆ ಗೊತ್ತೇ ಇದೆ, ಐರಣಿಯ ಹೊಳೆಯಲ್ಲಿ ಸುಳಿ ಯಾವ ಕಡೆ ಎಳೆಯುತ್ತದೆಂದು ನೋಡಲು ಹೊಸ ಚಪ್ಪಲಿಯನ್ನೇ ಬಿಟ್ಟವಳು ನಾನು. ಅದಕ್ಕೇ ರಾಣೆಬೆನ್ನೂರಿನ ಡಾಕ್ಟರಬಾಯಿಯನ್ನು ಬಿಡದೆ ಕೇಳಿದೆ. ಅವರು ಹೇಳಿದ್ದು ಇಷ್ಟು. ಲ್ಯಾಬಿನಲ್ಲಿ ರಕ್ತ ಹೆಪ್ಪುಗಟ್ಟಿಸಿ ನೋಡಲು ನಳಿಗೆಗೆ ಕೊಬ್ಬಿನಂಥದೊಂದನ್ನು ಹಾಕುತ್ತಾರಂತೆ. ನನ್ನ ರಕ್ತದಲ್ಲಿರುವ ಒಂದು ಅಂಶ ಹೋಗಿ ಅದಕ್ಕೇ ಅಂಟಿಕೊಳ್ಳುತ್ತದೆ, ಹಾಗಾಗಿ ಅಲ್ಲಿ ಕೆಲಸ ತಡ. ಮೈಯೊಳಗೆ ಮಾತ್ರ ಅದರ ನಡತೆ ಪೂರ್ತಿ ಉಲ್ಟಾ. ಬೇಡದ ಜಾಗದಲ್ಲಿ ರಕ್ತ ಗಡ್ಡೆ ಕಟ್ಟುವಂತೆ ಮಾಡುತ್ತದೆ. ಮಾಸಿನ ಸಣ್ಣ ನಾಳಗಳು ಹಾಗೆ ಕಟ್ಟಿಕೊಂಡರೆ ಕೂಸಿಗೆ ಅನ್ನವೇ ಮುಟ್ಟುವುದಿಲ್ಲ, ಅದನ್ನು ತಡೆಯಲೇ ಈ ಸೂಜಿ. “ನಳಿಗ್ಯಾಗ ಕಂಡದ್ದ ಮೈಯಾಗೂ ಐತಿ ಅಂತ ತಿಳಕೋಬ್ಯಾಡವಾ” ಎಂದರು. ಇದರ ಹೆಸರು ಲೂಪಸ್ ಆಂಟಿಕೊಯಾಗುಲಂಟ್. ಹೆಪ್ಪುಗಟ್ಟದಂತೆ ತಡೆಯುವುದು ಎಂದು ಅರ್ಥವಂತೆ, ಮಾಡುವುದು ನೋಡಿದರೆ ಹೀಗೆ! ಲೂಪಸ್ ಎಂಬ ರೋಗವೇ ಬೇರೆ, ಅದು ನನಗಿಲ್ಲ. ಎಲ್ಲೋ ಕೆಲವರಿಗೆ ಇದರ ಜೊತೆ ನಿಜವಾಗಿಯೂ ರಕ್ತ ಸೋರುವುದೂ ಉಂಟು. ನನಗೆ ಹಾಗಿಲ್ಲವೆಂದು ಪರೀಕ್ಷೆ ಮಾಡಿಯೇ ಸೂಜಿ ಬರೆದಿದ್ದಾರೆ.

ಇನ್ನು ನಿಮ್ಮ ಅವ್ವನ ಕಥೆ ಕೇಳಿ. ಈ ಬೇಸಿಗೆಯಲ್ಲಿ ನಮ್ಮ ತಗಡಿನ ಮನೆ ಕಾದು ಸೂಜಿ ಕೆಡುತ್ತದೆ, ತಂಪಿನಲ್ಲಿಡಿ ಎಂದಿದ್ದರು ಡಾಕ್ಟರಬಾಯಿ. ಮನೆಯಲ್ಲಿ ಫ್ರಿಜ್ ಎಲ್ಲಿಂದ ಬರಬೇಕು? ಮಾವನವರು ತಾವು ಕೆಲಸ ಮಾಡುವ ಕೋಲ್ಡ್ ಸ್ಟೋರೇಜಿನ ಮಾಲೀಕರನ್ನು ಕೇಳಿ, ಸೂಜಿಯ ಡಬ್ಬಿಯನ್ನು ಮೆಣಸಿನಕಾಯಿ ಚೀಲಗಳ ಪಕ್ಕ ಇಟ್ಟರು. ದಿನಾ ಸಂಜೆ ಒಂದನ್ನು ತಂದುಕೊಡುವರು, ಹೊಟ್ಟೆಗೆ ನಾನೇ ಚುಚ್ಚಿಕೊಳ್ಳುವೆ. ಈ ವಿಷಯ ಅತ್ತೆಗೆ ಕಳೆದ ವಾರ ತಿಳಿಯಿತು. “ಮೆಣಸಿನಕಾಯಿ ಮಗ್ಗಲಾಗ ಇದ್ದದ್ದಕ್ಕ ಕಾವು ಹತ್ತಿರತೈತಿ. ಬಸರಿ ಹೊಟ್ಟಿಗೆ ಅದನ್ನ ಚುಚ್ಚಾಕ ನಾ ಬಿಡಂಗಿಲ್ಲ” ಎಂದು ಡಬ್ಬಿಯನ್ನು ತರಿಸಿ ಟ್ರಂಕಿನಲ್ಲಿಟ್ಟು ಬೀಗ ಹಾಕಿಬಿಟ್ಟರು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಬಿಟ್ಟರೆ ಖಾರ ಎಲ್ಲೈತಿ ಎಂದು ಮಾವ ನಕ್ಕರೂ ಅತ್ತೆ ಬೀಗ ತೆಗೆಯಲಿಲ್ಲ. ಅಂದು ಸೂಜಿ ತಪ್ಪಿತು. ಅತ್ತು ಕರೆದೆ, ಜಗಳ ಮಾಡಿದೆ, ಕೈ ಮುಗಿದೆ. ಬೆಳಗಾಗುತ್ತಲೇ ಹೇಗೋ ಬೀಗ ತೆಗೆಸಿ, ಡಬ್ಬಿಯ ಸಮೇತ ಅವರನ್ನು ರಾಣೆಬೆನ್ನೂರಿಗೆ ಎಳೆದುಕೊಂಡು ಹೋದೆ.

ಡಾಕ್ಟರಬಾಯಿ ಬೈಯಲಿಲ್ಲ. ಸೂಜಿಯ ಮದ್ದಿಗೆ ಗಾಜಿನ ಕೋಟೆ ಇದೆ, ಮೆಣಸಿನಕಾಯಿಯ ಕಾವು ಒಳಗೆ ಹೋಗದು, ಟ್ರಂಕಿನ ಸೆಕೆಯೇ ಕೆಟ್ಟದ್ದು ಎಂದು ಸಮಾಧಾನದಿಂದ ತಿಳಿಸಿ, ಹೊಸ ಡಬ್ಬಿ ಬರೆದುಕೊಟ್ಟು, ಅಲ್ಲೇ ಒಂದು ಸೂಜಿ ಹಾಕಿದರು. ಆಮೇಲೆ ನನ್ನ ಹೊಟ್ಟೆಯ ಮೇಲೆ ಯಂತ್ರವಿಟ್ಟು ಕೂಸಿನ ಎದೆಬಡಿತ ಕೇಳಿಸಿದರು. ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಿಂತೇ ಇದ್ದರು. ತಿರುಗಿ ಬರುವ ಬಸ್ಸಿನಲ್ಲಿ, ಮೋಟೆಬೆನ್ನೂರು ಬಂದಾಗ ನನ್ನ ಕಡೆ ನೋಡದೆಯೇ ನಿಮ್ಮ ಹೆಸರು ಹಿಡಿದು ಹೇಳಿದರು: “ಹುಲಿಗೇಶಗಿಂತ ಮೊದಲ ನನ್ನವೂ ಹೋದ್ವು. ನೀ ಪಪ್ಪಾಯಿ ತಿಂದಿ, ಅದಕ್ಕ ಹೋದ್ವು ಅಂದ್ರು. ನಾನೂ ಖರೇ ಅಂತ ತಿಳಕೊಂಡಿದ್ದೆ.” ಇದು ನಿಮಗೆ ಗೊತ್ತಿತ್ತೇ? ಅವರ ರಕ್ತವೂ ನಳಿಗೆಯಲ್ಲಿ ಹೀಗೇ ಆಡುತ್ತಿತ್ತೋ, ಕಾರಣ ಬೇರೆಯೇ ಇತ್ತೋ, ಈಗ ಯಾರು ಹೇಳಬೇಕು. ಅಂದು ಯಾರೂ ಕೇಳಲಿಲ್ಲವಲ್ಲ ಎಂದು ನನಗೆ ಅಳು ಬಂತು. ಅವರ ಕೈ ಹಿಡಿದುಕೊಂಡೇ ಊರಿಗೆ ಬಂದೆ.

ಹೊಸ ಡಬ್ಬಿ ಈಗ ಮೆಣಸಿನಕಾಯಿ ಚೀಲಗಳ ಪಕ್ಕದಲ್ಲಿದೆ. ಮಾವನವರು ನಿಮಗೆ ಆಶೀರ್ವಾದ ತಿಳಿಸಿದ್ದಾರೆ. ಹೊತ್ತಿಗೆ ಸರಿಯಾಗಿ ಉಣ್ಣಿರಿ.

ನಿಮ್ಮ
ಹೊಳಿಯವ್ವ

ತಾ.ಕ.: ಅಂಚೆ ಹೋಗುವ ಹೊತ್ತಾಯಿತು, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮಾತು ಮೀರಿದವಳಲ್ಲ ನಾನು, ಇದೊಂದನ್ನು ಮೀರುತ್ತೇನೆ. ಸೂಜಿ ನಿಲ್ಲಿಸುವುದಿಲ್ಲ. ನೀವು ನಿಲ್ಲಿಸು ಎಂದದ್ದನ್ನು ಈಗಷ್ಟೇ ನಿಮ್ಮ ಅವ್ವನಿಗೆ ಓದಿ ಹೇಳಿದೆ. “ಕೂಸು ಅವನ ಹೊಟ್ಯಾಗಿಲ್ಲ, ನಿನ್ನ ಹೊಟ್ಯಾಗೈತಿ. ಅವಗ ತನ್ನ ಹಳಿ ನೋಡಕೊಳ್ಳಾಕ ಹೇಳು” ಎಂದರು. ಹಾಗೆಂದವರೇ ಸ್ಪಿರಿಟ್ಟಿನ ಹತ್ತಿ ಹಿಡಿದುಕೊಂಡು ನನ್ನ ಮುಂದೆ ಬಂದು ಕೂತಿದ್ದಾರೆ.