ಪಾಸ್‌ವರ್ಡ್ ಕೇಳಿದ ಅಣ್ಣನಿಗೆ

ಮೇಲ್ಮನೆಯ ಅಣ್ಣನಿಗೆ,

ನಿನ್ನ ಮೆಸೇಜು ಬಂತು. ಬೀದಿ ಅಗೆಯುವವರು ಕೇಬಲ್ ಕತ್ತರಿಸಿಬಿಟ್ಟಿದ್ದಾರೆ, ನಿನ್ನ ನೆಟ್ ಸತ್ತುಹೋಗಿದೆ, ನಾಳೆ ಆಫೀಸಿನ ದೊಡ್ಡ ಮೀಟಿಂಗಿದೆ, ಆದ್ದರಿಂದ ಕೆಳಮನೆಯ ಹೊಸ ವೈಫೈ ಪಾಸ್‌ವರ್ಡ್ ಕಳಿಸಬೇಕಂತೆ. ಕೊನೆಯಲ್ಲಿ ‘ಬೇಗ’ ಅಂತ ಬೇರೆ. ಓದಿ ನನ್ನ ಹೊಟ್ಟೆ ಎಷ್ಟು ತಣ್ಣಗಾಯಿತೆಂದರೆ, ಒಲೆಯ ಮೇಲಿಟ್ಟ ಹಾಲು ಉಕ್ಕಿ ಹರಿದದ್ದೂ ಗೊತ್ತಾಗಲಿಲ್ಲ. ಒಂದು ಪದದಲ್ಲಿ ಉತ್ತರ ಕೊಡಬಹುದಿತ್ತು. ಆದರೆ ಇಷ್ಟು ವರ್ಷ ಕಾದು ಸಿಕ್ಕ ಅವಕಾಶವನ್ನು ಒಂದು ಪದದಲ್ಲಿ ಮುಗಿಸಲು ಮನಸ್ಸು ಬರಲಿಲ್ಲ. ಅದಕ್ಕೇ ಕಾಗದದ ಮೇಲೆ ಬರೆದು ನಿನ್ನ ಬಾಗಿಲ ಕೆಳಗೆ ತೂರಿಸುತ್ತಿದ್ದೇನೆ. ಇದಕ್ಕೆ ನೆಟ್ ಬೇಕಾಗಿಲ್ಲ, ಯಾರೂ ನಡುವೆ ವೈರ್ ಕೀಳಲೂ ಆಗುವುದಿಲ್ಲ.

ನಿನ್ನ ಮೋಡೆಮ್ಮಿನ ಹಿಂದಿನಿಂದ ಹೊರಟು, ಕಿಟಕಿಯ ಸಂದಿಯಲ್ಲಿ ತೂರಿ, ಗೋಡೆಗುಂಟ ಕೆಳಗಿಳಿದಿದ್ದ ಆ ಬೂದು ವೈರು ನೆನಪಿದೆಯಲ್ಲ? ಅದರ ತುದಿಯಲ್ಲಿ ಅಮ್ಮನೂ ನಾನೂ ಇಷ್ಟು ದಿನ ನೇತಾಡಿದೆವು. ‘ಒಂದೇ ಮನೆಗೆ ಎರಡೆರಡು ಕನೆಕ್ಷನ್ ಯಾಕೆ? ನಾನಿಲ್ವಾ?’ ಎಂದಿದ್ದೆ. ನೀನು ಇದ್ದೆ, ಅದೇ ತೊಂದರೆಯಾಗಿತ್ತು. ಅಮ್ಮನ ಮುಂದಿನ ಕೋಣೆಯನ್ನು ನಿನ್ನ ಆಫೀಸ್ ಮಾಡಿಕೊಳ್ಳಲು ಬಿಡುವುದಿಲ್ಲ ಎಂದು ನಾನು ಹೇಳಿದ ದಿನ ಸಂಜೆಯೇ ನೆಟ್ ಹೋಯಿತು. ನಿನ್ನ ಗೆಳೆಯರ ಮುಂದೆ ನಿನ್ನ ಮಾತಿಗೆ ಎದುರಾಡಿದಾಗಲೂ ಹೋಯಿತು. ಕೇಳಿದರೆ ಎರಡೂ ಕೈ ಅಗಲಿಸಿ, ‘ಕಂಪನಿ ಕಡೆಯಿಂದಾನೇ ತೊಂದ್ರೆ ಕಣೇ, ನಾನೇನ್ ಮಾಡ್ಲಿ?’ ಎನ್ನುತ್ತಿದ್ದೆ. ನಿನಗೆ ಬರುವ ಕೈಮಾತು ಅದೊಂದೇ.

ಅಮ್ಮನಿಗೆ ಹುಟ್ಟಿನಿಂದ ಕಿವಿ ಕೇಳಿಸದು. ನಮಗೆ ಫೋನ್ ಹೇಗೋ ಅವಳಿಗೆ ವೀಡಿಯೊ ಕಾಲ್ ಹಾಗೆ. ಸಂಜೆಯಾದರೆ ಅವಳ ಗೆಳತಿಯರೆಲ್ಲ ಪರದೆಯಲ್ಲಿ ಸೇರಿ ಕೈಯಲ್ಲೇ ಹರಟುತ್ತಾರೆ, ಕೈಯಲ್ಲೇ ಚಾಡಿ ಹೇಳುತ್ತಾರೆ, ಭುಜ ಕುಣಿಸಿ ನಗುತ್ತಾರೆ. ನೀನು ವೈರ್ ಕಿತ್ತ ಸಂಜೆಗಳಲ್ಲಿ ಅವಳು ಕೈಯೆರಡನ್ನೂ ಮಡಿಲಲ್ಲಿಟ್ಟುಕೊಂಡು ಆ ಕಪ್ಪು ಪರದೆಯ ಮುಂದೆ ಕೂತಿರುತ್ತಿದ್ದಳು. ಹೆತ್ತ ತಾಯಿಯ ಬಾಯಿಗೆ ಬಟ್ಟೆ ತುರುಕಿದ ಹಾಗಲ್ಲವೇ ಅದು? ನಿನಗೆ ಹಾಗೆ ಅನ್ನಿಸಲೇ ಇಲ್ಲ. ಅನ್ನಿಸಿದ್ದರೆ ಈ ಪತ್ರವೇ ಇರುತ್ತಿರಲಿಲ್ಲ.

ಅದನ್ನೂ ಸಹಿಸಿಕೊಂಡಿದ್ದೆ. ಸಹಿಸಲಾಗದ್ದು ಆ ಮಧ್ಯಾಹ್ನದ್ದು. ನನ್ನ ಕೆಲಸವೇನೆಂದು ನಿನ್ನ ಗೆಳೆಯರು ಕೇಳಿದರೆ ‘ಕ್ಯಾಮೆರಾ ಮುಂದೆ ಕೈ ಆಡಿಸ್ತಾಳೆ’ ಎಂದು ನಗಿಸುತ್ತೀಯಲ್ಲ, ಆ ಕೆಲಸ. ಆಸ್ಪತ್ರೆಗೆ ಕಿವಿ ಕೇಳಿಸದವರು ಬಂದರೆ ನನಗೆ ಕರೆ ಬರುತ್ತದೆ. ಕಪ್ಪು ಅಂಗಿ ತೊಟ್ಟು, ಬರಿಗೋಡೆಗೆ ಬೆನ್ನುಮಾಡಿ ನಿಂತು, ಡಾಕ್ಟರ ಮಾತನ್ನು ಕೈಗೂ ರೋಗಿಯ ಕೈಯನ್ನು ಮಾತಿಗೂ ದಾಟಿಸುತ್ತೇನೆ. ಅಂದು ಪರದೆಯ ಆಚೆ ಒಬ್ಬ ಬಸುರಿ ಹೆಂಗಸು ಕೂತಿದ್ದಳು. ಮನೆಯಿಂದ ತಂದ ಮಾತ್ರೆಗಳ ಡಬ್ಬಿ ಅವಳ ಕೈಯಲ್ಲೇ ಇತ್ತು. ಡಾಕ್ಟರು, ‘ಈ ಮಾತ್ರೆ ಇನ್ಮೇಲೆ ತಗೋಬೇಡಿ, ಮಗುವಿಗೆ ಅಪಾಯ’ ಎಂದರು. ನಮ್ಮ ಕೈಮಾತಿನಲ್ಲಿ ‘ಬೇಡ’ ಎನ್ನುವುದು ಕೊನೆಗೆ ಬರುತ್ತದೆ, ನಾವು ಬಾಯಲ್ಲಿ ಆಡುವ ಹಾಗೆಯೇ. ಮೊದಲು ‘ಈ ಮಾತ್ರೆ’, ಆಮೇಲೆ ‘ತಗೊಳ್ಳಿ’, ಅದಾದ ಮೇಲೆ ಅಂಗೈ ತಿರುಗಿಸಿ ‘ಬೇಡ’. ನಾನು ‘ತಗೊಳ್ಳಿ’ವರೆಗೆ ಬಂದಿದ್ದೆ. ಅಲ್ಲಿಗೆ ಪರದೆಯಲ್ಲಿ ಅವಳ ಮುಖ ಕಲ್ಲಾಯಿತು. ಅವಳ ಕಡೆ ನನ್ನ ಕೈಯೂ ಹಾಗೆಯೇ, ಬೆರಳುಗಳನ್ನು ತುಟಿಯ ಬಳಿ ಹಿಡಿದು, ನುಂಗಿ ನುಂಗಿ ಎನ್ನುತ್ತ ನಿಂತುಹೋಗಿತ್ತು.

ನಮ್ಮ ಕೆಳಮನೆಯೊಳಗೆ ಮೊಬೈಲ್ ಸಿಗ್ನಲ್ ಸಿಗದು. ಬರಿಗಾಲಲ್ಲಿ ಬೀದಿಗೆ ಓಡಿ, ನಿಂತಿದ್ದ ಯಾರದೋ ಕಾರಿನ ಮೇಲೆ ಫೋನ್ ಒರಗಿಸಿ, ಮತ್ತೆ ಮತ್ತೆ ಕರೆ ಹಚ್ಚಿದೆ. ಸಿಕ್ಕಾಗ ಡಾಕ್ಟರು ಅತ್ತ ತಿರುಗಿ ಏನೋ ಬರೆಯುತ್ತಿದ್ದರು, ಅವಳು ಮಾತ್ರೆ ಹಿಡಿದು ನೀರಿನ ಲೋಟ ಎತ್ತಿದ್ದಳು. ಬೀದಿಯ ನಡುವೆ ನಿಂತು ಎರಡೂ ಕೈಯಲ್ಲಿ ‘ಬೇಡ, ಬೇಡ’ ಎಂದೆ. ಹೋಗಿಬರುವವರು ಹುಚ್ಚಿ ಎಂದುಕೊಂಡಿರಬೇಕು. ಅವಳು ಲೋಟ ಕೆಳಗಿಟ್ಟು, ‘ನಿಮ್ಮ ಕೈ ಯಾಕೆ ನಿಂತಿತು?’ ಎಂದು ಕೇಳಿದಳು. ನಾನೇನು ಹೇಳಲಿ? ನನಗೊಬ್ಬ ಅಣ್ಣನಿದ್ದಾನೆ ಎನ್ನಲೇ?

ಮೇಲೆ ಬಂದು ನೋಡಿದರೆ ನಿನ್ನ ಟೀವಿಯಲ್ಲಿ ಸಿನಿಮಾ ಓಡುತ್ತಿತ್ತು. ಮೋಡೆಮ್ಮಿನ ದೀಪಗಳೆಲ್ಲ ಹಸಿರಾಗಿದ್ದವು. ಬೂದು ವೈರಿನ ತುದಿ ಮಾತ್ರ ಪಕ್ಕದಲ್ಲಿ ಸತ್ತು ಬಿದ್ದಿತ್ತು. ನೀನು ಕುರ್ಚಿಯಿಂದ ಏಳಲಿಲ್ಲ. ಅತ್ತಿಗೆಯೇ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ, ‘ಬೆಳಿಗ್ಗೆ ಕೋಣೆ ವಿಷಯಕ್ಕೆ ನೀನು ಮತ್ತೆ ಇಲ್ಲ ಅಂದ್ಯಲ್ಲಮ್ಮ, ಅದಕ್ಕೇ ಕಿತ್ರು’ ಎಂದರು. ನೀನು ‘ಏನೀಗ, ಪ್ರಪಂಚ ಮುಳುಗೋಯ್ತಾ?’ ಎಂದೆ. ಅಂದೇ ನಿಶ್ಚಯಿಸಿದೆ, ನಿನ್ನ ಹತ್ತಿರ ಜಗಳವಾಡುವುದಿಲ್ಲ ಎಂದು. ಜಗಳ ನಿನಗೆ ಕಡಲೆಕಾಯಿ ತಿಂದಷ್ಟು ಇಷ್ಟ.

ಇನ್ನೊಮ್ಮೆ ಹೀಗಾದರೆ ಕೆಲಸದಿಂದ ಬಿಡಿಸಬೇಕಾಗುತ್ತದೆ ಎಂದು ಆಸ್ಪತ್ರೆಯವರು ಮೆತ್ತಗೆ ಹೇಳಿದರು. ಅಲ್ಲಿಂದ ಶುರುಮಾಡಿದೆ ನೋಡು, ನಮ್ಮದೇ ಕನೆಕ್ಷನ್ ಹುಡುಕಲು. ಮದುವೆಗೆ ಹೆಣ್ಣು ಹುಡುಕುವವರೂ ಅಷ್ಟು ವಿಚಾರಿಸುವುದಿಲ್ಲ, ನಾನು ಇಂಟರ್ನೆಟ್ ಕಂಪನಿಗಳನ್ನು ವಿಚಾರಿಸಿದಷ್ಟು. ಎಲ್ಲರೂ ಸಿನಿಮಾ ಎಷ್ಟು ಬೇಗ ಇಳಿಯುತ್ತದೆ ಎಂದೇ ಹೊಗಳಿಕೊಂಡರು. ನನಗೆ ಬೇಕಾದದ್ದು ಮನೆಗೆ ಬರುವ ವೇಗವಲ್ಲ, ಮನೆಯಿಂದ ಹೋಗುವ ವೇಗ. ನನ್ನ ಕೈ ತಡವರಿಸದೆ ಆಚೆ ತಲುಪಬೇಕು. ಎರಡೂ ಕಡೆಗೆ ಒಂದೇ ವೇಗ ಕೊಡುವ ಕಂಪನಿಯನ್ನೇ ಹಿಡಿದೆ. ನಿನ್ನ ಕಂಪನಿಯಲ್ಲದ್ದು, ನಿನ್ನ ಕೇಬಲ್ ಬರುವ ಬೀದಿಯಿಂದ ಬಾರದೆ ಹಿತ್ತಲ ಕಡೆಯಿಂದ ಬರುವುದು.

ಕಂಪನಿಯವರು ಪುಕ್ಕಟೆ ಕೊಡುವ ಮೋಡೆಮ್ಮು ಮಾತ್ರ ಬೇಡವೆಂದೆ. ಅಂಗಡಿಯವನಿಗೆ ಕೇಳಿದ ಮೊದಲ ಪ್ರಶ್ನೆ, ‘ಇದನ್ನ ಮನೆಯವರೇ ಯಾರಾದ್ರೂ ಬೇಕಂತ ಆಫ್ ಮಾಡಿದ್ರೆ ಏನ್ಮಾಡೋದು?’ ಅವನು ತಲೆ ಕೆರೆದುಕೊಂಡು, ‘ಅಂಥವರು ಯಾರಮ್ಮ ಇರ್ತಾರೆ?’ ಎಂದ. ಇದ್ದಾರಪ್ಪ, ಮೇಲ್ಮನೆಯಲ್ಲೇ ಇದ್ದಾರೆ, ಮನೆಯ ಮೇನ್ ಸ್ವಿಚ್ಚೂ ಅವರ ಮೆಟ್ಟಿಲ ಬಳಿಯೇ ಇದೆ ಎಂದೆ. ಅವನು ನಗು ತಡೆದುಕೊಂಡು, ಕರೆಂಟ್ ಹೋದರೂ ಮೋಡೆಮ್ಮನ್ನು ಉಸಿರಾಡಿಸುವ ಪುಟ್ಟ ಬ್ಯಾಟರಿಯೊಂದನ್ನು ಜೊತೆಗೆ ಕೊಟ್ಟ. ಗೋಡೆ ದಪ್ಪವಿದ್ದರೂ ದಾಟುವ, ವೀಡಿಯೊ ಕಾಲಿಗೆ ಮೊದಲ ದಾರಿ ಬಿಡುವಂತೆ ಹೇಳಿದರೆ ಕೇಳುವ ಮೋಡೆಮ್ಮು. ಹೇಳಿದ ಮಾತನ್ನು ನಿನಗಿಂತ ಚೆನ್ನಾಗಿ ಕೇಳುತ್ತದೆ. ಅದನ್ನು ಎಲ್ಲಿ ಕೂರಿಸಿದೆ ಗೊತ್ತಲ್ಲ? ನೀನು ಆಸೆಪಟ್ಟ ಮುಂದಿನ ಕೋಣೆಯ ನಟ್ಟನಡುವಿನ ಗೋಡೆಗೆ, ಎತ್ತರದಲ್ಲಿ. ಆಮೇಲೆ ಬೂದು ವೈರನ್ನು ಕತ್ತರಿಯಿಂದ ಕಚಕ್ಕೆಂದು ಕತ್ತರಿಸಿ, ಸುರುಳಿ ಸುತ್ತಿ ನಿನ್ನ ಬಾಗಿಲ ಚಿಲಕಕ್ಕೆ ನೇತುಹಾಕಿ ಬಂದೆ. ಆ ಕಚಕ್ ಸದ್ದು ಈಗಲೂ ನೆನೆಸಿಕೊಂಡು ಖುಷಿಪಡುತ್ತೇನೆ.

ಅಂದು ನೀನು ಬುಸುಗುಟ್ಟುತ್ತ ಕೆಳಗಿಳಿದು ಬಂದೆ. ಬಾಗಿಲಲ್ಲಿ ನಿನ್ನನ್ನು ಕಂಡ ಅಮ್ಮ ನನ್ನ ಕಡೆ ತಿರುಗಿ ಕೈ ಮೇಲೆತ್ತಿ ಕೈಮಾತಿನಲ್ಲಿ ನಿನ್ನ ಹೆಸರು ತೋರಿಸಿದಳು. ನಿನ್ನ ಸಿಟ್ಟೆಲ್ಲ ಇಳಿದು, ‘ನೋಡು, ಇಷ್ಟಾದ್ರೂ ಅಮ್ಮ ನನ್ನ ದೀಪ ಅಂತಾನೇ ಕರೀತಾಳೆ’ ಎಂದು ಎದೆಯುಬ್ಬಿಸಿದೆ. ನಿನ್ನ ಮದುವೆಯಲ್ಲೂ ಇದನ್ನೇ ಹೇಳಿ ಬೀಗರ ಕಣ್ಣಲ್ಲಿ ನೀರು ತರಿಸಿದ್ದೆ. ‘ಕೈಮಾತಿನಲ್ಲಿ ಅಮ್ಮ ನನಗಿಟ್ಟ ಹೆಸರು ದೀಪ, ನಾನು ಈ ಮನೆಯ ಬೆಳಕು’ ಎಂದು. ಆ ಹೆಸರಿನ ನಿಜವಾದ ಅರ್ಥವನ್ನು ಇಷ್ಟು ದಿನ ನಾನು ಬಚ್ಚಿಟ್ಟುಕೊಂಡಿದ್ದು ಇಂಥ ಒಂದು ದಿನಕ್ಕಾಗಿಯೇ. ಸರಿಯಾಗಿ ಕೇಳಿಸಿಕೋ.

ಚಿಕ್ಕವನಿದ್ದಾಗ ಅಮ್ಮ ಬೈಯಲು ಶುರುಮಾಡಿದರೆ ನೀನು ಏನು ಮಾಡುತ್ತಿದ್ದೆ? ಓಡಿಹೋಗಿ ದೀಪ ಆರಿಸುತ್ತಿದ್ದೆ. ಕತ್ತಲಲ್ಲಿ ಅವಳ ಕೈ ಯಾರಿಗೆ ಕಾಣಬೇಕು? ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ನೀನು ಕಿಲಕಿಲ ನಗುತ್ತಿದ್ದೆ, ಅದು ಅವಳಿಗೆ ಕೇಳಿಸುತ್ತಲೂ ಇರಲಿಲ್ಲ. ನಿನ್ನ ಹೆಸರು ಹುಟ್ಟಿದ್ದು ಅಲ್ಲಿ. ಕೈ ಮೇಲೆತ್ತಿ ಬೆರಳು ಬಿಡಿಸುತ್ತಾಳಲ್ಲ, ಅದು ದೀಪ, ನಿಜ. ಆದರೆ ಆಮೇಲೆ ಬೆರಳುಗಳು ಒಟ್ಟಾಗಿ ಮುಚ್ಚಿಕೊಳ್ಳುತ್ತವೆ. ಅಮ್ಮ ನಿನ್ನನ್ನು ದೀಪ ಎಂದು ಕರೆಯುತ್ತಿಲ್ಲ ಅಣ್ಣ, ದೀಪ ಆರಿಸೋನು ಎಂದು ಕರೆಯುತ್ತಾಳೆ. ಅವಳ ಗೆಳತಿಯರಿಗೆಲ್ಲ ನೀನು ಆ ಹೆಸರಿನಲ್ಲೇ ಪರಿಚಯ. ಅವಳ ಕೈಯನ್ನು ಕೊನೆಯವರೆಗೆ ನೋಡುವ ತಾಳ್ಮೆ ನಿನಗೆ ಒಮ್ಮೆಯಾದರೂ ಇದ್ದಿದ್ದರೆ, ಇದನ್ನು ನಾನು ಹೇಳಬೇಕಾಗಿರಲಿಲ್ಲ.

ಇನ್ನು ಪಾಸ್‌ವರ್ಡು. ನಾನು ಕೊಡುವುದಿಲ್ಲ. ಅದನ್ನು ಇಟ್ಟವಳು ಅಮ್ಮ, ಅವಳನ್ನೇ ಕೇಳು. ಚೀಟಿಯಲ್ಲಿ ಬರೆದುಕೊಡಬೇಡ ಎಂದು ಅವಳಿಗೆ ಹೇಳಿದ್ದೇನೆ. ಒಂದೊಂದೇ ಅಕ್ಷರವನ್ನು ಬೆರಳಲ್ಲಿ ಹಿಡಿದು ತೋರಿಸುತ್ತಾಳೆ, ನೀನು ಓದಿಕೊಳ್ಳಬೇಕು. ಬೆರಳಕ್ಷರದ ಪಟವೊಂದನ್ನು ಅಪ್ಪ ನಿನಗಾಗಿ ತಂದಿದ್ದರು, ನೀನು ಅದನ್ನು ಕಿತ್ತು ಲೆಕ್ಕದ ಪುಸ್ತಕಕ್ಕೆ ಹೊದಿಕೆ ಹಾಕಿಕೊಂಡೆ. ಈಗ ಅಮ್ಮನೇ ಪಟ. ನಾಳೆಯ ಮೀಟಿಂಗಿನೊಳಗೆ ಕಲಿತರೆ ನಿನ್ನ ಪುಣ್ಯ. ಅವಳು ಯಾವ ಪದ ಇಟ್ಟಿದ್ದಾಳೆಂದು ತಿಳಿದಾಗ ನನಗೆ ಮೈಯೆಲ್ಲ ಉರಿಯಿತು, ಬೇರೆ ಇಡು ಎಂದು ಜಗಳವನ್ನೂ ಮಾಡಿದೆ. ಅವಳು ಜಗ್ಗಲಿಲ್ಲ. ಚಿಕ್ಕವನಿದ್ದಾಗ ಅಪ್ಪ ನಿನ್ನನ್ನು ಮುದ್ದಿನಿಂದ ಕರೆಯುತ್ತಿದ್ದ ಹೆಸರು ಅದು. ಅವಳು ಒಂದು ಸಲವೂ ಕಿವಿಯಿಂದ ಕೇಳದ ಹೆಸರು, ಅಪ್ಪನ ತುಟಿ ನೋಡಿ ಕಲಿತದ್ದಂತೆ. ಇಷ್ಟು ಹೇಳಿದೆನೆಂದು ಬೀಗಬೇಡ. ಅದರ ಹಿಂದೆ ಮುಂದೆ ಅವಳು ಸೇರಿಸಿರುವ ಅಕ್ಷರಗಳನ್ನು ಓದದೆ ನಿನಗೆ ಏನೂ ತೆರೆಯುವುದಿಲ್ಲ.

ಬಾ, ಅವಳ ಎದುರು ಕೂರು. ತಪ್ಪಿದರೆ ಮತ್ತೆ ಕೇಳು, ಅವಳಿಗೆ ಬೇಸರವಾಗುವುದಿಲ್ಲ, ನಿನಗಾಗಲಿ. ಕೊನೆಯ ಅಕ್ಷರದವರೆಗೂ ಅವಳ ಕೈಯಿಂದ ಕಣ್ಣು ಕೀಳಬೇಡ.

ನಿನ್ನ ಹತ್ತು ಬೆರಳೂ ಚೆನ್ನಾಗಿ ನೋಯಲಿ, ಆಮೇಲೆ ಪಳಗಲಿ ಎಂದು ಹಾರೈಸುವ,

ಕೆಳಮನೆಯ ತಂಗಿ

ಎದ್ದು ಹೋಗುವಾಗ ದೀಪ ಆರಿಸಬೇಡ.