ಕನ್ನಡದಲ್ಲಿ ನಿನಗೆ ಹೇಳಿದ ಮಾತು

ವಾರಾಣಸಿ,
೨೦ ಫೆಬ್ರವರಿ ೨೦೨೬

ನನ್ನ ಪ್ರೀತಿಯ ಈಶ,

ಹೇಗಿದ್ದೀ? ಶಿವಗಂಗಾ ಹೇಗಿದ್ದಾಳೆ? ಬಾಣಂತನ ಸರಿಯಾಗಿ ಆಯಿತೇ? ಸೊಲ್ಲಾಪುರದಲ್ಲಿ ಇಷ್ಟರಲ್ಲೇ ಬಿಸಿಲು ಏರಿರಬೇಕು. ಕೂಸಿಗೆ ಬೆವರುಸಾಲೆ ಏಳದ ಹಾಗೆ ಹಳೆಯ ಮೆತ್ತನೆ ಸೀರೆಯಲ್ಲಿ ಸುತ್ತಿ ಮಲಗಿಸಿ. ನಿಮಗೆ ಹೆಣ್ಣುಕೂಸು ಹುಟ್ಟಿದ್ದು ನಮಗೆ ತಿಳಿದದ್ದು ನಿಮ್ಮ ಸೊಲ್ಲಾಪುರದಿಂದ ಶಿವರಾತ್ರಿಗೆ ಇಲ್ಲಿಗೆ ಬಂದಿದ್ದ ಶಿವಬಸಯ್ಯನವರಿಂದ. ನೀನು ಕೆಲಸ ಮಾಡುವ ಆಸ್ಪತ್ರೆಯ ವಿಳಾಸವನ್ನೂ ಅವರೇ ಹೇಳಿದರು. ಸುದ್ದಿ ಕೇಳಿ ನಿನ್ನ ಅಣ್ಣ ಮಠದ ಅಡುಗೆಮನೆಯಲ್ಲಿ ಸಜ್ಜಕ ಮಾಡಿಸಿ, ನನ್ನ ತಮ್ಮನಿಗೆ ಮಗಳು ಹುಟ್ಟಿದ್ದಾಳೆ ಎಂದು ಸಿಕ್ಕವರಿಗೆಲ್ಲ ಹಂಚಿದರು. ಹೆಸರೇನಿಟ್ಟಿದ್ದಾರೆ ಎಂದು ಯಾರೋ ಕೇಳಿದಾಗ, ಕಾಗದ ಬರಲಿ, ಹೇಳುತ್ತೇನೆ ಎಂದು ಇನ್ನೊಂದು ಚಮಚ ಬಡಿಸಿದರು. ಅದಕ್ಕೆ ನಾನು ನಿನ್ನ ಮೇಲೆ ಸಿಟ್ಟಾಗಿಲ್ಲ. ಫೋನ್ ಮಾಡಿದರೆ ರಿಂಗಾಗಿ ನಿಲ್ಲುತ್ತದೆ, ಕಳಿಸಿದ ಮೆಸೇಜನ್ನು ನೀನು ಓದಿದ್ದೀ ಎಂದು ನಮ್ಮ ಅಕ್ಷರಾ ತೋರಿಸುತ್ತಾಳೆ, ಆದರೆ ಉತ್ತರ ಬರುವುದಿಲ್ಲ. ಕಾಗದವನ್ನಾದರೂ ಪೂರ್ತಿ ಓದುತ್ತೀ ಎಂದು ಬರೆಯಲು ಕೂತಿದ್ದೇನೆ. ಕೂತಿದ್ದೇನೆ ಅನ್ನುವುದೂ ಪೂರ್ತಿ ನಿಜವಲ್ಲ, ಒಂದು ಮಗ್ಗುಲಿಗೆ ದಿಂಬು ಕೊಟ್ಟು ಒರಗಿದ್ದೇನೆ.

ಇಲ್ಲಿ ಎಲ್ಲರೂ ಆರಾಮ ಎಂದು ಬರೆಯಬೇಕು, ಕೈ ಬರುತ್ತಿಲ್ಲ. ನಿನ್ನ ಅಣ್ಣ ಮಠದ ಯಾತ್ರಿನಿವಾಸದ ಕೆಲಸ ಮುಗಿಸಿ ಬಂದು ರೊಟ್ಟಿ ಬಡಿಯುತ್ತಾರೆ. ಅಂಚು ಸೀಳಿದ ರೊಟ್ಟಿ ನೋಡಿ ಮೊದಲೆಲ್ಲ ನಗುತ್ತಿದ್ದೆವು. ಅಕ್ಷರಾ ಒಂಬತ್ತನೇ ಕ್ಲಾಸಿಗೆ ಬಂದಿದ್ದಾಳೆ, ಕನ್ನಡದಲ್ಲಿ ಕೇಳಿದರೆ ಇವತ್ತಿಗೂ ಹಿಂದಿಯಲ್ಲೇ ಉತ್ತರ. ನಾನು ವಾಕರ್ ಹಿಡಿದು ಹಾಸಿಗೆಯಿಂದ ಬಚ್ಚಲಿಗೆ, ಬಚ್ಚಲಿನಿಂದ ಕಿಟಕಿಗೆ ಹೋಗುತ್ತೇನೆ. ಎಡಪಾದ ಮೇಲಕ್ಕೇಳುವುದಿಲ್ಲ, ನೆಲಕ್ಕೆ ಉಜ್ಜಿಕೊಂಡೇ ಬರುತ್ತದೆ. ಕೂತುಕೊಳ್ಳುವ ಜಾಗದಲ್ಲಿ ಸ್ಪರ್ಶವೇ ಇಲ್ಲ. ಹೋದ ಚಳಿಗಾಲದಲ್ಲಿ ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗಿದ್ದೆ, ಚರ್ಮ ಸುಟ್ಟು ಬೊಬ್ಬೆ ಎದ್ದದ್ದನ್ನು ಅಕ್ಷರಾ ನೋಡಿ ಹೇಳಿದ ಮೇಲೆ ತಿಳಿಯಿತು. ಮೂತ್ರಕ್ಕೆ ನಳಿಗೆ, ತೊಡೆಗೆ ಕಟ್ಟಿದ ಚೀಲ. ಇನ್ನೊಂದರ ವಿಷಯ ಬರೆಯಲಾರೆ, ನೀನು ವೈದ್ಯ, ನಿನಗೇ ಗೊತ್ತಾಗುತ್ತದೆ. ನಿನ್ನ ಅಣ್ಣನ ಪಕ್ಕದಲ್ಲಿ ಮಲಗುವುದನ್ನು ನಾನಾಗಿಯೇ ಬಿಟ್ಟೆ. ಅವರು ಹಾಸಿಗೆಯನ್ನು ಬಾಗಿಲ ಹತ್ತಿರ ಹಾಸಿಕೊಂಡರು. ನಮ್ಮ ಕಡೆಯಿಂದ ಯಾತ್ರೆಗೆ ಬಂದ ಹೆಂಗಸರನ್ನು ಘಾಟುಗಳ ಮೆಟ್ಟಿಲು ಹತ್ತಿಸಿ ಇಳಿಸಿ, ಗೋದೌಲಿಯಾದ ಅಂಗಡಿಗಳಲ್ಲಿ ಸೀರೆ ಕೊಡಿಸಿ, ಅವರೆಲ್ಲ ಸುಸ್ತಾಗಿ ಕುಸಿದ ಮೇಲೂ ಇನ್ನೊಂದು ಗುಂಪನ್ನು ಕರೆದುಕೊಂಡು ಹೊರಡುತ್ತಿದ್ದವಳು ನಾನೇ ಎಂದರೆ ಈಗ ನನಗೇ ನಂಬಿಕೆ ಬರುವುದಿಲ್ಲ.

ಮೊನ್ನೆ ಶಿವರಾತ್ರಿಗೆ ಮುಂಚೆ ದೊಡ್ಡಾಸ್ಪತ್ರೆಯಲ್ಲಿ ತೋರಿಸಿಕೊಂಡು ಬರುವಾಗ ಸೋನಾರ್‌ಪುರದ ಹತ್ತಿರ ಇ-ರಿಕ್ಷಾ ಜನಜಂಗುಳಿಯಲ್ಲಿ ಸಿಕ್ಕಿಕೊಂಡಿತು. ಚೀಲದ ಮುಚ್ಚಳ ಯಾವಾಗ ಸಡಿಲವಾಯಿತೋ ನನಗೆ ಗೊತ್ತಿಲ್ಲ, ಗೊತ್ತಾಗುವ ಮೈಯೇ ಅಲ್ಲವಲ್ಲ. ಎದುರು ಕೂತಿದ್ದ ಹೆಂಗಸು ಸೀರೆ ಎತ್ತಿಕೊಂಡು ಮೂಗು ಮುಚ್ಚಿದಳು. ಡ್ರೈವರು ಹಿಂದಕ್ಕೆ ತಿರುಗಿ ಏನಿದು ಎಂದ. ಅಕ್ಷರಾ ತಟ್ಟನೆ, "ಪಾನಿ ಕೀ ಬೋತಲ್ ಗಿರ್ ಗಯೀ ಭೈಯಾ" ಎಂದು ನೀರಿನ ಬಾಟಲಿಯ ಮೇಲೆ ನೆಪ ಹಾಕಿ ತನ್ನ ಶಾಲಿನಿಂದ ಒರೆಸತೊಡಗಿದಳು. ಯಾರೂ ನಂಬಲಿಲ್ಲ. ಅವಳು ಒರೆಸುತ್ತಲೇ ಇದ್ದಳು, ನನ್ನ ಮುಖ ಮಾತ್ರ ನೋಡಲಿಲ್ಲ. ಮನೆಗೆ ಬಂದ ಮೇಲೆ ಆ ಶಾಲನ್ನು ತಾನೇ ಒಗೆದು ಒಣಹಾಕಿದಳು. ಹರಿಶ್ಚಂದ್ರ ಘಾಟಿನ ಚಿತೆಗಳ ಹೊಗೆ ಕಿಟಕಿಗೆ ಬಂದಾಗ ಒಮ್ಮೊಮ್ಮೆ ನನ್ನ ಬುದ್ಧಿ ಎಲ್ಲಿಗೋ ಹೋಗುತ್ತದೆ, ಈಶ. ಈ ಊರಿಗೆ ಜನ ಸಾಯಲು ಬರುತ್ತಾರೆ, ನಾನು ಬಾಳ್ವೆ ಮಾಡಲು ಬಂದವಳು. ನನ್ನ ಮಗಳ ಮುಖ ನೋಡಿ ಬುದ್ಧಿಯನ್ನು ಎಳೆದು ತರುತ್ತೇನೆ.

ಈಗ ಮುಖ್ಯ ಸಂಗತಿ. ನೀನಿದ್ದ ನರ್ಸಿಂಗ್ ಹೋಮಿನ ಮೇಲೆ ಗ್ರಾಹಕರ ಆಯೋಗದಲ್ಲಿ ನಾವು ದೂರು ಕೊಟ್ಟದ್ದು ನಿನ್ನ ಕಿವಿಗೆ ಬಿದ್ದಿರಬೇಕು. ಅವರ ಉತ್ತರ ಬಂದಿದೆ, ವಕೀಲಮ್ಮ ಅದನ್ನು ನನಗೆ ಓದಿ ಹೇಳಿದರು. ನಾನು ಬರಿ ಬೆನ್ನುನೋವು ಎಂದು ಬಂದಿದ್ದೆನಂತೆ. ಕಾಲು ಜೋಮು ಹಿಡಿದದ್ದು, ಕೆಳಗೆ ಸ್ಪರ್ಶ ಹೋದದ್ದು, ಮೂತ್ರ ಕಟ್ಟಿದ್ದು ಯಾವುದನ್ನೂ ಯಾರಿಗೂ ಹೇಳಲಿಲ್ಲವಂತೆ. ನಳಿಗೆ ಹಾಕಿದ್ದು ನೋವಿಗೆ ಎದ್ದು ಹೋಗಲು ಆಗುವುದಿಲ್ಲ ಎಂಬ ಕಾರಣಕ್ಕಂತೆ. ಆಮೇಲೆ ನನ್ನ ಗಂಡ ಅವರ ಮಾತು ಕೇಳದೆ ನನ್ನನ್ನು ಎತ್ತಿಕೊಂಡು ಹೋದರಂತೆ. ಕೊನೆಗೆ ನನಗೆ ಆಪರೇಷನ್ ಮಾಡಿಸಿದ ಡಾಕ್ಟರ್ ಕೃಷ್ಣವೇಣಿ ಗೊತ್ತಲ್ಲ, ಧಾರವಾಡದವರು, ಇಲ್ಲಿಯ ಯೂನಿವರ್ಸಿಟಿ ಆಸ್ಪತ್ರೆಯಲ್ಲಿರುವವರು, ಅವರು ತಮ್ಮ ಅಭಿಪ್ರಾಯ ಕೊಟ್ಟಿದ್ದಾರೆ. ಬೆನ್ನೆಲುಬಿನ ನಡುವಿನ ಡಿಸ್ಕು ಜಾರಿ ನರಗಳ ಗೊಂಚಲನ್ನು ಹಿಸುಕಿ ಹಿಡಿದಿತ್ತು, ಇಂಥ ಲಕ್ಷಣ ಕಂಡ ತಕ್ಷಣ ಸ್ಕ್ಯಾನ್ ಮಾಡಿಸಿ ಒತ್ತಡ ತೆಗೆಯಬೇಕು, ತಡವಾದರೆ ಆ ನರಗಳು ಮತ್ತೆ ಸರಿಯಾಗುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದ್ದಾರೆ. ಆದರೆ ಲಕ್ಷಣವನ್ನು ಹೇಳಿದ್ದೆನೇ ಇಲ್ಲವೇ ಎಂಬುದಕ್ಕೆ ಅವರು ಸಾಕ್ಷಿಯಲ್ಲ. ಅವರು ಅಲ್ಲಿರಲಿಲ್ಲ. ವಕೀಲಮ್ಮನ ಪ್ರಕಾರ ಈಗ ಇಡೀ ಕೇಸು ಅದೊಂದರ ಮೇಲೆ ನಿಂತಿದೆ.

ಅಲ್ಲಿದ್ದವನು ನೀನು. ಆಚೆ ವರ್ಷದ ಕಾರ್ತಿಕ ಹುಣ್ಣಿಮೆಯ ಹಿಂದಿನ ದಿನ, ಆ ಗುರುವಾರ, ಕೇದಾರ ಘಾಟಿನ ಮೆಟ್ಟಿಲ ಮೇಲೆ ನನ್ನ ಎರಡೂ ಕಾಲಿಗೆ ಕರೆಂಟು ಹೊಡೆದಂತಾಗಿ ಕೂತುಬಿಟ್ಟೆ. ಬೇರೆ ಆಸ್ಪತ್ರೆ ಹತ್ತಿರವಿದ್ದರೂ ನಮ್ಮ ಈಶ ಡ್ಯೂಟಿಯಲ್ಲಿದ್ದಾನೆ ಎಂದೇ ನಿನ್ನ ಅಣ್ಣ ನನ್ನನ್ನು ಅಲ್ಲಿಗೆ ಕರೆತಂದು, ನಿನ್ನ ಕೈಗೆ ಒಪ್ಪಿಸಿ ಯಾತ್ರಿಕರ ಕೆಲಸಕ್ಕೆ ಮಠಕ್ಕೆ ಓಡಿದರು. ಸಂಜೆ ಹೊತ್ತಿಗೆ ನನಗೆ ಕೆಳಗೆಲ್ಲ ಮರಗಟ್ಟಿತು. ನರ್ಸು, ವಾರ್ಡಿನ ಆಳುಗಳು, ಪಕ್ಕದ ಹಾಸಿಗೆಯ ಮುದುಕ, ಅಷ್ಟು ಜನರ ಮುಂದೆ ಅದನ್ನು ಹಿಂದಿಯಲ್ಲಿ ಹೇಳಲು ನಾಚಿಕೆಯಾಗಿ ನಿನ್ನನ್ನು ಹತ್ತಿರ ಕರೆದು ನಮ್ಮ ಮಾತಿನಲ್ಲಿ ಹೇಳಿದೆ. "ಈಶ, ಕೆಳಗ ಮುಟ್ಟಿದ್ರ ನನ್ನ ಮೈ ಅಲ್ಲ ಅನಿಸಾಕತ್ತೇತಿ, ಮುಂಜಾನಿಂದ ಮೂತ್ರಾನೂ ಬಂದಿಲ್ಲ." ನೀನು ಹೊರಗೆ ಹೋಗಿ ನಿಮ್ಮ ದೊಡ್ಡ ಸರ್‌ಗೆ ಫೋನ್ ಮಾಡಿದ್ದು ಪರದೆಯ ಆಚೆಯಿಂದ ನನಗೆ ಕೇಳಿಸಿತು. ಎಂಆರ್‌ಐ ಅಂದೆ, ಅರ್ಜೆಂಟ್ ಅಂದೆ. ಆಮೇಲೆ ಬಹಳ ಹೊತ್ತು ಬರಿ ಹಾಂ ಸರ್, ಹಾಂ ಸರ್. ಒಳಗೆ ಬಂದು, ಸರ್ ಮನೆಯಲ್ಲಿ ದೀಪೋತ್ಸವಕ್ಕೆ ನೆಂಟರು ತುಂಬಿದ್ದಾರೆ, ಸೋಮವಾರ ನೋಡುತ್ತಾರಂತೆ ಎಂದೆ. ನಳಿಗೆ ಹಾಕಿಸಿದೆ, ನೋವಿನ ಇಂಜೆಕ್ಷನ್ ಕೊಡಿಸಿದೆ.

ಮರುದಿನ ಊರೆಲ್ಲ ದೀಪ. ಹಾಸಿಗೆಯ ಮೇಲೆ ನನ್ನ ಎಡಪಾದ ಜೋತುಬಿದ್ದಿತ್ತು. ಬೇರೆ ಕಡೆಗೆ ಹೋಗೋಣವೇನು ಎಂದು ನಾನು ನಿನ್ನನ್ನು ಕೇಳಿದೆ. ನೀನು ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ. "ಬ್ಯಾಡ್ರಿ ಅತ್ತಿಗಿ, ಸರ್ ಬ್ಯಾಸರ ಮಾಡ್ಕೋತಾರ." ನಾನು ಅಲ್ಲೇ ಉಳಿದೆ, ಯಾಕೆಂದರೆ ಹೇಳಿದವನು ನೀನು. ಶನಿವಾರ ಸಂಜೆ ನಿನ್ನ ಅಣ್ಣ ಬಂದು ನನ್ನ ಕಾಲು ನೋಡಿ ಗಾಬರಿಯಾಗಿ ಕೃಷ್ಣವೇಣಿಯವರಿಗೆ ಫೋನ್ ಮಾಡಿದರು. ಅವರು, ಒಂದು ನಿಮಿಷವೂ ಅಲ್ಲಿಡಬೇಡಿ, ಈಗಲೇ ಕರೆತನ್ನಿ ಎಂದರು. ಅಷ್ಟು ಮಾತನ್ನು ಗುರುವಾರ ನೀನು ನಿನ್ನ ಅಣ್ಣನಿಗೆ ಹೇಳಿದ್ದರೆ ಸಾಕಾಗಿತ್ತು, ಈಶ. ನಿಮ್ಮ ಸರ್ ಮುಂದೆ ನಿಲ್ಲುವುದೂ ಬೇಕಿರಲಿಲ್ಲ, ಹೊರಗೆ ಹೋಗಿ ಅಣ್ಣನ ಕಿವಿಯಲ್ಲಿ ಹೇಳಿದ್ದರೂ ಆಗುತ್ತಿತ್ತು.

ನಿನ್ನ ಅಣ್ಣನಿಗೆ ಇದು ಇವತ್ತಿಗೂ ಗೊತ್ತಿಲ್ಲ. ನನ್ನನ್ನು ಸೇರಿಸಿದ ಮೇಲೆ ಅವನನ್ನು ಕೆಳಗಿನ ವಾರ್ಡಿಗೆ ಹಾಕಿದ್ದರು, ಅವನಿಗೆ ನನ್ನ ಸ್ಥಿತಿ ತಿಳಿದಿರಲಿಲ್ಲ ಎಂದು ನಾನು ಹೇಳಿದ್ದೇನೆ. ನನ್ನ ತಮ್ಮ ಹತ್ತಿರ ಇದ್ದಿದ್ದರೆ ಹೀಗಾಗಲು ಬಿಡುತ್ತಿರಲಿಲ್ಲ ಎಂದು ಅವರು ಮಠಕ್ಕೆ ಬಂದವರ ಮುಂದೆಲ್ಲ ಹೇಳುತ್ತಾರೆ. ಅದನ್ನು ಕೇಳುತ್ತ ಮಲಗಿರುವುದು ಎಷ್ಟು ಕಷ್ಟವೋ ನಿನಗೆ ಹೇಗೆ ತಿಳಿಸಲಿ? ಮಠದ ಹಿರಿಯರು ಪ್ರಭುಲಿಂಗಯ್ಯನವರು ಮೊನ್ನೆ ಮನೆಗೆ ಬಂದು ಕೂತು, ಆ ನರ್ಸಿಂಗ್ ಹೋಮಿನ ಡಾಕ್ಟರು ಯಾತ್ರಿಕರಿಗೆ ಪುಕ್ಕಟೆ ಶಿಬಿರ ಮಾಡಿಕೊಡುವವರು, ದೂರು ಹಿಂದಕ್ಕೆ ತೆಗೆದುಕೊಂಡರೆ ನಿನಗೆ ಫಿಸಿಯೋಥೆರಪಿ ಕೊಡಿಸುವ ಭಾರ ಅವರದಂತೆ ಎಂದರು. ಕೆಟ್ಟ ಮನಸ್ಸಿನವರಲ್ಲ ಅವರು. ಆದರೆ ಹಾಗೆ ಒಪ್ಪಿಕೊಂಡರೆ ನಾನು ಏನೂ ಹೇಳಲೇ ಇಲ್ಲ ಎಂದು ನಾನೇ ಒಪ್ಪಿದಂತೆ. ಹೇಳದೆ ನನ್ನ ಕಾಲನ್ನು ನಾನೇ ಕಳೆದುಕೊಂಡಂತೆ. ನಾಳೆ ಅಕ್ಷರಾ ದೊಡ್ಡವಳಾಗಿ, ಅಮ್ಮಾ ನೀನು ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದರೆ? ಆಗುವುದಿಲ್ಲ ಎಂದೆ. ಅವರು ನನ್ನ ಹಣೆಗೆ ವಿಭೂತಿ ಹಚ್ಚಿ ಹೊರಟುಹೋದರು.

ನಿನ್ನ ಭಯ ನನಗೆ ಅರ್ಥವಾಗದ್ದಲ್ಲ. ಹೊಸ ಕೆಲಸ, ಎಳೆ ಕೂಸು. ಸಾಕ್ಷಿ ಹೇಳಿದರೆ ನಿನಗೂ ತಿಳಿದಿತ್ತಲ್ಲ ಎಂದು ನಿನ್ನ ಮೇಲೇ ತಿರುಗುತ್ತಾರೆ. ಇನ್ನು ಯಾವ ಆಸ್ಪತ್ರೆಯವರು ಕರೆಯುತ್ತಾರೋ ಇಲ್ಲವೋ. ಎಲ್ಲವನ್ನೂ ಯೋಚಿಸಿದ್ದೇನೆ, ಯೋಚಿಸಲು ನನಗೆ ಬೇಕಾದಷ್ಟು ಹೊತ್ತಿದೆ. ನಿನ್ನ ತಾಯಿ ತೀರಿಕೊಂಡ ವರ್ಷ ಅಣ್ಣ ನಿನ್ನನ್ನು ಇಲ್ಲಿಗೆ ಕರೆತಂದಾಗ ನಾನು ಮದುವೆಯಾಗಿ ಬಂದು ಆರು ತಿಂಗಳೂ ಆಗಿರಲಿಲ್ಲ. ಸ್ಕೂಲಿನಲ್ಲಿ ಹಿಂದಿ ಬರದೆ ನೀನು ಹೆದರಿ ಬೆಂಚಿನ ಮೇಲೇ ಒದ್ದೆ ಮಾಡಿಕೊಂಡು, ಮೇಷ್ಟ್ರು ಹೊಡೆದರು ಎಂದು ಅತ್ತುಕೊಂಡು ಬಂದಿದ್ದೆ. ನನಗಾದರೂ ಎಲ್ಲಿ ಬರುತ್ತಿತ್ತು ಹಿಂದಿ? ಮರುದಿನ ನಿನ್ನ ಕೈ ಹಿಡಿದು ಹೋಗಿ, ತಪ್ಪು ತಪ್ಪು ಹಿಂದಿಯಲ್ಲೇ ಆ ಮೇಷ್ಟ್ರ ಹತ್ತಿರ ಜಗಳ ಮಾಡಿ ಬಂದೆ. ಇದನ್ನು ಲೆಕ್ಕ ಕೇಳಲು ಬರೆಯುತ್ತಿಲ್ಲ. ನಾನು ಹೇಳಿದ್ದನ್ನು ಕೇಳಿಸಿಕೊಂಡವನು ಈ ಊರಲ್ಲಿ ನೀನೊಬ್ಬನೇ, ಅದು ತಿಳಿಯುವ ಭಾಷೆಯೂ ಅಲ್ಲಿ ನಮ್ಮಿಬ್ಬರಿಗೇ ಇತ್ತು. ಬಾ, ಈಶ. ಅತ್ತಿಗೆ ನನಗೆ ಹೇಳಿದರು, ನಾನು ಸರ್‌ಗೆ ಹೇಳಿದೆ, ಅವರು ಸೋಮವಾರ ಎಂದರು. ಇಷ್ಟೇ ಮಾತು. ಹೆಚ್ಚಿಗೆ ಒಂದಕ್ಷರ ಬೇಡ. ನೀನಾಗಿ ಬಂದು ಹೇಳಿದರೆ ನಿನ್ನ ಅಣ್ಣನೂ ಒಂದಲ್ಲ ಒಂದು ದಿನ ತಡೆದುಕೊಂಡಾರು. ಕಾಲಿಗೆ ಬೀಳುತ್ತೇನೆ ಎಂದು ಬರೆಯಬೇಕೆನಿಸುತ್ತದೆ, ಬಗ್ಗಲು ಆಗುವುದಿಲ್ಲ, ಚಿಕ್ಕವನಿಗೆ ಹಾಗೆ ಬರೆಯಲೂಬಾರದು.

ಶಿವಗಂಗಾ ತಣ್ಣೀರಲ್ಲಿ ಕೈಯಿಡದಿರಲಿ, ಬಾಣಂತಿ ಮೈ. ಕೂಸಿನ ಹೆಸರು ತಿಳಿಸು, ಇಲ್ಲಿ ವಿಶ್ವನಾಥನ ಮುಂದೆ ಅಣ್ಣನ ಕೈಯಲ್ಲಿ ಅರ್ಚನೆ ಮಾಡಿಸುತ್ತೇನೆ. ನಿಮ್ಮ ಮೂವರನ್ನೂ ಆ ಕೇದಾರನಾಥ ನೆರಳಲ್ಲಿಟ್ಟು ಕಾಯಲಿ.

ಇಂತಿ ನಿನ್ನ ಅತ್ತಿಗೆ,
ಭವಾನಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ವಕೀಲಮ್ಮ ಬಂದರು. ನನ್ನ ಪ್ರಮಾಣಪತ್ರ, ಅದೇ ಅಫಿಡವಿಟ್ಟು, ಇವತ್ತೇ ಆಯೋಗಕ್ಕೆ ಹೋಗಬೇಕಂತೆ, ನಾನು ಇನ್ನೂ ಸಮಯವಿದೆ ಎಂದುಕೊಂಡಿದ್ದೆ. ಯಾರಿಗೆ ಹೇಳಿದಿರಿ, ಹೆಸರು ಬೇಕು, ಇಲ್ಲದಿದ್ದರೆ ಈ ಮಾತು ನಿಲ್ಲುವುದಿಲ್ಲ ಎಂದರು. ನಿನ್ನ ಅಣ್ಣ ಚಹಾ ಹಿಡಿದು ಬಾಗಿಲಲ್ಲೇ ನಿಂತಿದ್ದರು. ನಾನು ನಿನ್ನ ಹೆಸರು ಹೇಳಿದೆ, ಈಶ. ಆವತ್ತು ಹಿಂದಿಯಲ್ಲಿ ಹೇಳಲು ನಾಚಿದ್ದನ್ನೆಲ್ಲ ಇವತ್ತು ಎಲ್ಲರ ಮುಂದೆ ಹಿಂದಿಯಲ್ಲೇ ಹೇಳಿದೆ, ಬೇರೆ ಆಸ್ಪತ್ರೆ ಬೇಡ ಎಂದು ನೀನು ಅಂದದ್ದನ್ನೂ ಬಿಡಲಿಲ್ಲ. ಅಣ್ಣ ಕೇಳಿದ್ದು ಒಂದೇ, "ಅವಂಗ ಗೊತ್ತಿತ್ತೇನು?" ಹೌದು ಎಂದೆ. ಚಹಾ ಕೆಳಗಿಟ್ಟು ಹೊರಗೆ ಹೋದವರು ಇನ್ನೂ ಬಂದಿಲ್ಲ, ಅಕ್ಷರಾ ಹುಡುಕಲು ಹೋಗಿದ್ದಾಳೆ. ನಿನಗೆ ಆಯೋಗದಿಂದ ನೋಟೀಸು ಬರುತ್ತದೆ. ಅದಕ್ಕಿಂತ ಮೊದಲು ನನ್ನಿಂದಲೇ ತಿಳಿಯಲಿ ಎಂದು ಇದನ್ನು ಸ್ಪೀಡ್ ಪೋಸ್ಟಿಗೆ ಹಾಕಿಸುತ್ತೇನೆ. ನನ್ನ ಪಕ್ಕ ಬಂದು ನಿಲ್ಲುತ್ತೀಯೋ ನಿಮ್ಮ ಸರ್ ಪಕ್ಕವೋ, ನೀನೇ ನಿರ್ಧಾರ ಮಾಡು. ನಾನು ಸಹಿ ಹಾಕಿಬಿಟ್ಟಿದ್ದೇನೆ.